ಎರಡು ಹಬ್, ಒಂದು ಮೀಸೆ

"ಅದು ಬೇಡ ಸಾರ್, ನನ್ ಮಾತು ಕೇಳಿ," ಎಂದು ಅಕ್ಬರ್ ಪಾಷಾ ಮೂರನೇ ಸಲ ಹೇಳಿದ. ಪಂಚಪ್ಪ ಮೂರನೇ ಸಲವೂ ಕೇಳಲಿಲ್ಲ.

ಯಶವಂತಪುರದ ಪಾಷಾನ ಸೈಕಲ್ ಶಾಪಿನಲ್ಲಿ ಎರಡು ಹಿಂದಿನ ಗಾಲಿಗಳು ತೂಗುತ್ತಿದ್ದವು. ಎರಡಕ್ಕೂ ಅಚ್ಚಿನ ಮೇಲೆ ತಿರುಗುವ ಇಂಗ್ಲಿಷರ ಕಾಲದ ಹಬ್. ಪಂಚಪ್ಪನ ಹಳೇ ರೇಸ್ ಸೈಕಲ್ಲಿಗೆಂದೇ ಪಾಷಾ ಗುಜರಿಯೆಲ್ಲ ಜಾಲಾಡಿ ತಂದಿದ್ದ. ಮೊದಲನೆಯದನ್ನು ಬೆರಳಲ್ಲಿ ತಳ್ಳಿದ. ಪಂಚಪ್ಪನ ಹೆಂಡತಿ ನೀಲಕ್ಕ ಟೀ ಕುಡಿದು ಲೋಟ ಕೆಳಗಿಟ್ಟರೂ ಗಾಲಿ ತಿರುಗುತ್ತಲೇ ಇತ್ತು. ಎರಡನೆಯದು ಮೂರು ಸುತ್ತು ಹಾಕಿ, ನರಳಿ, ನಿಂತುಬಿಟ್ಟಿತು.

"ಇದಽ ಇರ್ಲಿ," ಎಂದ ಪಂಚಪ್ಪ, ಆ ನರಳುವ ಗಾಲಿಯನ್ನು ಮುದ್ದಿನಿಂದ ತಟ್ಟುತ್ತ.

ಭಾನುವಾರ ಫ್ಯಾಕ್ಟರಿಯಲ್ಲಿ ರಾಜ್ಯೋತ್ಸವದ ಸೈಕಲ್ ರೇಸ್. ಸ್ಟೋರ್ಸಿನ ಅಪ್ಪಾಸಾಹೇಬನಿಗೂ ಪಂಚಪ್ಪನಿಗೂ ಪಂಥ ಬಿದ್ದಿತ್ತು: ಸೋತವನು ಅಲ್ಲೇ, ಎಲ್ಲರೆದುರು, ಮೀಸೆ ಬೋಳಿಸಬೇಕು. ಪಂಚಪ್ಪನ ಮೀಸೆಯೆಂದರೆ ಸಾಮಾನ್ಯದ್ದಲ್ಲ. ಧಾರವಾಡದಿಂದ ರೈಲು ಹತ್ತಿ ಬಂದಾಗ ಅವನ ಹತ್ತಿರ ಇದ್ದದ್ದು ಒಂದು ಟ್ರಂಕು ಮತ್ತು ಆ ಮೀಸೆ. ಟ್ರಂಕು ಎಂದೋ ತುಕ್ಕು ಹಿಡಿದುಹೋಗಿತ್ತು.

"ಪ್ರಾಕ್ಟೀಸ್ ಆದ್ರೂ ಮಾಡ್ತಿದ್ದೀರಾ ಸಾರ್? ಹೆಬ್ಬಾಳದ ಕಡೆ ರಸ್ತೆ ಖಾಲಿ ಇರುತ್ತೆ."

"ಅಷ್ಟು ದೂರ ಯಾಕ್ರೀ? ನಮ್ಮ ಓಣ್ಯಾಗಽ ಮಾಡ್ತೀನಿ."

ನೀಲಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಇವ್ರು ಓಣಿ ದಾಟೂದ್ರಾಗ ನನ್ನ ಅನ್ನ ಬೆಂದಿರ್ತೈತಿ, ಪಾಷಾ ಅಣ್ಣಾ."

ಕಟ್ಟಿಕೊಂಡ ಹೆಂಡತಿಯೇ ಹೀಗೆ ಆಡಿಕೊಂಡರೆ ಊರವರು ಬಿಡುತ್ತಾರೆಯೇ? ಪಾಷಾನಿಗೆ ಅಯ್ಯೋ ಎನಿಸಿತು. ಪಂಚಪ್ಪ ಹತ್ತು ವರ್ಷದ ಗಿರಾಕಿ, ಒಳ್ಳೆಯ ಮನುಷ್ಯ; ಪಾಷಾನ ಮಗಳ ಮದುವೆಯಲ್ಲಿ ಶಾಮಿಯಾನದ ಗೂಟ ಹೊಡೆದವನು. ಅಂಥವನು ಸೋಮವಾರ ಬೋಳು ತುಟಿ ಹೊತ್ತು ಶಿಫ್ಟಿಗೆ ಹೋಗುವುದೆಂದರೇನು! ಗಿರಾಕಿ ಹಳ್ಳಕ್ಕೆ ಬೀಳುವಾಗ ಸುಮ್ಮನಿರುವವನು ಎಂಥ ಮೆಕ್ಯಾನಿಕ್? ಪಾಷಾ ಅಲ್ಲೇ ನಿರ್ಧರಿಸಿದ.

"ಆಯ್ತು ಸಾರ್, ಇದನ್ನೇ ಹಾಕ್ತೀನಿ. ಭಾನುವಾರ ನಾನೇ ಗ್ರೌಂಡಿಗೆ ತಂದ್ಕೊಡ್ತೀನಿ."

"ತರ್ರಿ. ನನಗೇನು ಗಡಿಬಿಡಿ ಇಲ್ಲ," ಎಂದು ಪಂಚಪ್ಪ ಮೀಸೆ ತಿರುವಿದ.

ಅವರು ಬೀದಿ ತಿರುಗಿದ್ದೇ ತಡ, ಪಾಷಾ ಆ ಬಿಗಿ ಹಬ್ಬಿನ ಗಾಲಿಯನ್ನು ಮೂಲೆಗೆ ಎಸೆದ. ಹೂವಿನಂತೆ ತಿರುಗುತ್ತಿದ್ದ ಗಾಲಿಗೆ ಹೊಸ ಬೇರಿಂಗ್ ಗುಂಡು ತುಂಬಿ, ಗ್ರೀಸ್ ಬಳಿದು, ಸೈಕಲ್ಲಿಗೆ ಕೂರಿಸಿದ.

ಭಾನುವಾರ ಬೇಕೆಂದೇ ತಡಮಾಡಿ ಹೋದ. ಪರೀಕ್ಷಿಸಲು ಪುರುಸೊತ್ತು ಸಿಕ್ಕರೆ ತಾನೇ ಗುಟ್ಟು ರಟ್ಟಾಗುವುದು! ಸವಾರರೆಲ್ಲ ಸುಣ್ಣದ ಗೆರೆಯ ಮೇಲೆ ನಿಂತಾಗಿತ್ತು. ಪಂಚಪ್ಪ ಸೈಕಲ್ ಕಸಿದುಕೊಂಡು ಹತ್ತಿದ. ಸೀಟಿ ಕೂಗಿತು. ಜನ ನುಗ್ಗಿ ಪಾಷಾನನ್ನು ಹಿಂದಕ್ಕೆ ತಳ್ಳಿದರು. ತಲೆಗಳ ಮೇಲಿಂದ ಕಂಡದ್ದು ಒಂದೇ, ಎಲ್ಲರಿಗಿಂತ ಮುಂದೆ ಜಾರಿಕೊಂಡು ಹೋಗುತ್ತಿದ್ದ ಪಂಚಪ್ಪನ ಹಳದಿ ಟೋಪಿ.

ಪಾಷಾ ಭುಜ ತೂರಿಸಿಕೊಂಡು ಆಚೆಯ ಗೆರೆಗೆ ಓಡಿದ. ಪಂಚಪ್ಪನೇ ಮೊದಲು ದಾಟಿದ್ದ! ಮುಖ ಕೆಂಪಾಗಿತ್ತು. ಪಾಷಾನ ಕಣ್ಣಲ್ಲಿ ನೀರಾಡಿತು. ಅವನನ್ನು ಬಾಚಿ ತಬ್ಬಿಕೊಂಡು, "ಹಬ್ ಬದಲಾಯಿಸ್ದೋನು ನಾನೇ ಸಾರ್, ನಾನೇ!" ಎಂದು ಕೂಗಿದ.

ಪಂಚಪ್ಪ ಅವನನ್ನೇ ಪಿಳಿಪಿಳಿ ನೋಡಿದ.

ಪಕ್ಕದಲ್ಲಿ ಕ್ಷೌರದ ಕದಿರಪ್ಪ ಕುರ್ಚಿ ಹಾಕಿ, ಬಟ್ಟಲಲ್ಲಿ ಸೋಪಿನ ನೊರೆ ಎಬ್ಬಿಸುತ್ತಿದ್ದ.

"ತಡಿ ಕದಿರಪ್ಪ, ಅಪ್ಪಾಸಾಹೇಬ್ರು ಇನ್ನೂ ಅರ್ಧ ದಾರೀಲೇ ಇದ್ದಾರೆ," ಎಂದ ಪಾಷಾ ಗೆಲುವಿನಿಂದ.

"ಅವ್ರು ನಿದಾನಕ್ಕೇ ಬರ್ಲಿ ಬುಡಿ," ಎಂದು ಕದಿರಪ್ಪ ಪಂಚಪ್ಪನ ಕೊರಳಿಗೆ ಬಟ್ಟೆ ಕಟ್ಟಿದ. "ಇದು ಸ್ಲೋ ಸೈಕಲ್ ರೇಸು ಸಾಬ್ರೇ. ಬ್ರೇಕ್ ಇಡಿಯಂಗಿಲ್ಲ, ಕಾಲು ಊರಂಗಿಲ್ಲ, ಕೊನೇಲಿ ಬಂದೋರಿಗೇ ಕಪ್ಪು."