ಎಡಚನ ಬೇಟೆ

ಬಾಟಲಿ ಮೊದಲು ಒಡೆಯಿತು. ಪ್ರಶ್ನೆ ಆಮೇಲೆ ಬಂತು.

“ಶಿವಪುತ್ರನ್ನ ಯಾಕ ಕೊಂದಿ, ಹೇಳಲೇ!”

ಇಳಕಲ್ ಬಸ್ ನಿಲ್ದಾಣದ ಹಿಂದಿನ ಬಾರು. ಬಲಗೆನ್ನೆಯಿಂದ ರಕ್ತ ಸುರಿಸುತ್ತ ಕುಳಿತವನು ಉತ್ತರವಾಗಿ ಮೇಜಿನಡಿಯಿಂದ ಬಲಗೈ ಎತ್ತಿ ತೋರಿಸಿದ. ಮೊಣಕೈವರೆಗೆ ಪ್ಲಾಸ್ಟರ್. ಗ್ರಾನೈಟ್ ಹೊರುವಾಗ ಮುರಿದದ್ದು. ಪಾಪ, ಗ್ಲಾಸನ್ನು ಎಡಗೈಯಲ್ಲಿ ಹಿಡಿಯದೆ ಮತ್ತೇನು ಮಾಡಬೇಕು?

“ಇಂವ ಅಲ್ಲ,” ಎಂದ ಕನಕಪ್ಪ. ಅಗಲ ಪಟ್ಟಿಯ ಕೈಗಡಿಯಾರಕ್ಕೆ ಸಿಡಿದ ರಕ್ತ ಒರೆಸಿಕೊಂಡ.

“ಕೇಳಿ ಹೊಡೀರಿ, ಸಾವಕಾರ್ರ. ಹೊಡದು ಕೇಳಬ್ಯಾಡ್ರಿ,” ಎಂದ ಹವಾಲ್ದಾರ ಮಲೀಕಸಾಬ. ಮಫ್ತಿಯಲ್ಲಿದ್ದ. ಸೋಡಾ ಪೂರ್ತಿ ಮುಗಿಸಿಯೇ ಎದ್ದ.

ಮೂರು ದಿನದ ಹಿಂದೆ ಶಿವಪುತ್ರ ತನ್ನ ಮಗ್ಗದ ಮೇಲೆಯೇ ಹೆಣವಾಗಿ ಬಿದ್ದಿದ್ದ. ಕೊರಳಿಗೆ ನೂಲಿನ ಹುರಿ. ಹಿಂದೆ ನೇಕಾರರ ಗಂಟು. ಹರಿದ ಎಳೆ ಕೂಡಿಸಲು ದಿನಕ್ಕೆ ನೂರು ಸಲ ಕಣ್ಣು ಮುಚ್ಚಿ ಹಾಕುವ ಗಂಟು. ಎಲ್ಲರ ಗಂಟಿನ ಬಾಲ ಬಲಕ್ಕೆ ಮಲಗುತ್ತದೆ. ಇದರದು ಎಡಕ್ಕೆ ಮಲಗಿತ್ತು. ಮಗ್ಗದ ಮನೆಯಲ್ಲಿ ಬೆಳೆದ ಮಲೀಕಸಾಬ ನೋಡಿದ ಕೂಡಲೇ ಹೇಳಿದ್ದ: ಎಡಚನ ಕೈ.

ಸುದ್ದಿ ಊರು ಸುತ್ತಿತು. ಮರುದಿನವೇ ಎಡಚ ನೇಕಾರ ಯಮನೂರಪ್ಪ ನಾಪತ್ತೆಯಾದ. ಬೇಟೆ ಹೊರಟದ್ದು ಅವನಿಗೇ, ಆದರೆ ಎಡಗೈಯಲ್ಲಿ ಗ್ಲಾಸು ಹಿಡಿದವನು ಯಾರೇ ಕಂಡರೂ ಕನಕಪ್ಪ ಬಿಡುತ್ತಿರಲಿಲ್ಲ.

ಶಿವಪುತ್ರನೂ ಕನಕಪ್ಪನೂ ಒಂದೇ ಓಣಿಯಲ್ಲಿ ಆಡಿ, ಅಕ್ಕಪಕ್ಕದ ಮಗ್ಗದಲ್ಲಿ ಕಲಿತವರು. ಕನಕಪ್ಪ ಮಗ್ಗ ಬಿಟ್ಟು ಸೀರೆ ಅಂಗಡಿ ಇಟ್ಟು ಇಪ್ಪತ್ತು ವರ್ಷ. ಹೆಣದ ಮುಂದೆ ಅವನಷ್ಟು ಯಾರೂ ಅಳಲಿಲ್ಲ. ವಿಧವೆ ಮಹಾನಂದಾ ಅವನ ಅಂಗಿ ಹಿಡಿದು ಕೇಳಿದಳು: “ಅಣ್ಣಾ, ಕೊಂದಾಂವ ನನಗ ಬೇಕು.” “ತಂದು ನಿಲ್ಲಸ್ತೇನಿ, ತಂಗಿ,” ಎಂದು ಮಾತು ಕೊಟ್ಟ.

ಶಿವಪುತ್ರನಿಗೆ ವೈರಿಗಳಿರಲಿಲ್ಲ. ಇದ್ದದ್ದು ಒಂದೇ ಚಟ, ಕಂಡವರ ನಕಲು ಮಾಡುವುದು. ಡಿ.ಸಿ. ಸಾಹೇಬರಿಂದ ಹಿಡಿದು ಸ್ವಂತ ಅತ್ತೆಯವರೆಗೆ ಯಾರನ್ನೂ ಬಿಟ್ಟವನಲ್ಲ. ಸಾಯುವ ಹಿಂದಿನ ದಿನ ಇದೇ ಬಾರಿನಲ್ಲಿ ಹೊಸದೊಂದು ಮಾಡಿದ್ದ. ಅಪ್ಪ ಕಟ್ಟಿಹಾಕಿದ ಹುಡುಗನ ಅಳು: “ಅಪ್ಪಾ, ಬಿಚ್ಚೋ! ಇನ್ನ ಎತ್ತೂದಿಲ್ಲೋ!” ಏನನ್ನು ಎತ್ತುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಹೊಟ್ಟೆ ಹಿಡಿದು ನಕ್ಕರು. ಕನಕಪ್ಪನೂ ನಕ್ಕ ಎಂದು ಬಾರಿನವನು ಹೇಳಿಕೆ ಕೊಟ್ಟಿದ್ದ.

ಮಟಮಟ ಮಧ್ಯಾಹ್ನ. ಸೆಕೆಗೆ ಮಗ್ಗಗಳು ನಿಂತಿದ್ದವು. ಇಂಥ ಹೊತ್ತಿನಲ್ಲಿ ಕುಡುಕ ನೇಕಾರ ಕೂಲರ್ ಇದ್ದಲ್ಲಿ ಸಿಗುತ್ತಾನೆ. ಬೈಕು ಹುನಗುಂದಕ್ಕೆ ಓಡಿತು.

ಅಲ್ಲೊಬ್ಬ ಎಡಗೈಯಲ್ಲಿ ಗ್ಲಾಸು ಎತ್ತಿದ. ಕನಕಪ್ಪನ ಮುಷ್ಟಿ ಅವನ ಬಲಗಿವಿಯ ಕೆಳಗೆ ಬಿತ್ತು. ಎರಡು ಹಲ್ಲು ಉದುರಿದವು. ಬಲಗೈಯಲ್ಲಿದ್ದ ಮೊಬೈಲೂ ಉದುರಿತು.

“ನಾ ಕಂಡಕ್ಟರ್ ಅದೀನ್ರಿ!” ಎಂದು ರಕ್ತ ಉಗುಳಿದ ಅವನು. “ನೇಯೂದೇನ ಬಂತು, ಗುಂಡಿ ಹಚ್ಚಾಕೂ ಬರೂದಿಲ್ಲ!”

ಬಾಗಲಕೋಟೆಯ ಬಾರು ಹೊಸದು. ಗೋಡೆಯಲ್ಲಿ ಸಾಲಾಗಿ ಹಿತ್ತಾಳೆ ನಳ. ತಿರುಗಿಸಿದರೆ ಬಿಯರ್.

“ಮನಿ ನಳಕ್ಕ ವಾರಕ್ಕೊಮ್ಮಿ ನೀರು,” ಎಂದ ಮಲೀಕಸಾಬ. “ಇಲ್ಲಿ ನೋಡಿದ್ರ ಇಪ್ಪತ್ನಾಕು ತಾಸು ಸಪ್ಲಾಯ್.”

“ಸೇಬಿನ ಸೈಡರೂ ಐತ್ರಿ,” ಎಂದ ವೇಟರ್.

“ಸೇಬು ನಾವು ಪೇಶಂಟಿಗೆ ಒಯ್ತೇವಿ. ನೀವು ಅದ್ರಾಗಿಂದ ಪೇಶಂಟ್ ತಯಾರ್ ಮಾಡ್ತೀರಿ.”

ಕನಕಪ್ಪ ನಗಲಿಲ್ಲ. ಬಲಗೈಯಲ್ಲಿ ಗ್ಲಾಸು ಎತ್ತಿ ಒಂದೇ ಗುಟುಕಿಗೆ ಮುಗಿಸಿ, ಯಮನೂರಪ್ಪನ ಫೋಟೊ ತೋರಿಸಿದ. ವೇಟರ್ ಒಂದು ಕ್ಷಣ ತಡೆದ. ಮೇಜಿನ ಮೇಲಿದ್ದ ಜಗ್ಗು ಅವನ ಬಲಗಣತಲೆಗೆ ಅಪ್ಪಳಿಸಿತು. ಸೈಡರ್ ಮಾರುವವನೇ ಪೇಶಂಟಾದ.

“ಬದಾಮಿ!” ಎಂದು ಕಿರುಚಿದ. “ಬದಾಮಿಗೆ ಹೋಗ್ಯಾನ್ರಿ!”

ಬದಾಮಿಯ ಕೆಂಪು ಗುಡ್ಡ ಕಾದ ಹಂಚಿನಂತೆ ಉರಿಯುತ್ತಿತ್ತು. ಎರಡನೆಯ ಬಾರಿನ ಮೂಲೆಯಲ್ಲಿ ಯಮನೂರಪ್ಪ ಸಿಕ್ಕ. ಎಡಗೈಯಲ್ಲಿ ಗ್ಲಾಸು. ಬಲಗೈ ಖಾಲಿ.

ಕನಕಪ್ಪ ನೇರ ನುಗ್ಗಿದ. ಸ್ಟೂಲು ಯಮನೂರಪ್ಪನ ಬಲಭುಜಕ್ಕೆ ಬಿತ್ತು. ಎಲುಬು ಲಟಕ್ಕೆಂದಿತು. ನೆಲಕ್ಕೆ ಕೆಡವಿ ಪಕ್ಕೆಗೆ, ಮುಖಕ್ಕೆ ಒದ್ದ. ಮೂಗು ಒಡೆಯಿತು. ಎದೆಯ ಮೇಲೆ ಕುಳಿತು ಕುತ್ತಿಗೆ ಹಿಡಿದ.

“ಎಡಚ ಅಂದಕೂಡ್ಲೆ ಊರೆಲ್ಲಾ ನನ್ನ ನೋಡ್ತು...” ಯಮನೂರಪ್ಪ ಗೊರಗೊರ ಎಂದ. “ಅಂಜಿ ಓಡಿ ಬಂದೇನಿ... ಕೊಂದಿಲ್ಲೋ ಯಪ್ಪಾ...”

ಇನ್ನೊಂದು ನಿಮಿಷವಾಗಿದ್ದರೆ ಆ ಮಾತು ಕೇಳಲು ಯಾರಿಗೂ ಸಿಗುತ್ತಿರಲಿಲ್ಲ. ಮಲೀಕಸಾಬ ಕನಕಪ್ಪನ ಹೆಗಲು ಹಿಡಿದು ಎಳೆದ.

“ಜೀವಂತ ಬೇಕ್ರಿ. ಮಹಾನಂದವ್ವನ ಮುಂದ ನಿಲ್ಲಸಬೇಕಲ್ಲ.” ಕಿಸೆ ತಡವಿಕೊಂಡ. “ಥೋ, ಬೇಡಿ ಠಾಣಾದಾಗ ಮರತೇನಿ. ಕಟ್ರಿ ಕೈ, ಲಗೂ ಕಟ್ರಿ!”

ಬಾರಿನ ಪರದೆಯ ಹುರಿ ಕಿತ್ತು ಎಸೆದ. ಕನಕಪ್ಪ ಏದುಸಿರು ಬಿಡುತ್ತಿದ್ದ, ಕಣ್ಣಿಗೆ ಬೆವರು ಇಳಿದಿತ್ತು. ಯಮನೂರಪ್ಪನ ಕೈಗಳನ್ನು ಬೆನ್ನಿಗೆ ತಿರುಚಿ, ನೋಡದೆಯೇ, ಎರಡು ಚಿಟಿಕೆ ಹೊತ್ತಿನಲ್ಲಿ ಬಿಗಿದ.

ಮಲೀಕಸಾಬ ಬಗ್ಗಿ ಗಂಟನ್ನು ನೋಡಿದ. ಬಹಳ ಹೊತ್ತು ನೋಡಿದ.

ಬಾಲ ಎಡಕ್ಕೆ ಮಲಗಿತ್ತು.

“ಉಣ್ಣೂದು ಬಲಗೈಲೆ, ಕುಡಿಯೂದು ಬಲಗೈಲೆ,” ಎಂದ ಮೆಲ್ಲಗೆ. “ಆದ್ರ ಮುಂಜಾನಿಂದ ಎದುರು ನಿಂತು ನಾಕ ಮಂದಿಗೆ ಹೊಡದ್ರಿ, ನಾಕೂ ಏಟು ಅವರ ಬಲಕ್ಕ ಬಿದ್ದಾವು. ಸಿಟ್ಟು ಬಂದ್ರ ಯಾವ ಕೈ ಏಳ್ತೈತಿ, ಸಾವಕಾರ್ರ?”

ಮರೆತಿದ್ದ ಬೇಡಿ ಬೆನ್ನ ಹಿಂದಿನಿಂದ ಹೊರಬಂತು. ಕನಕಪ್ಪನ ಎಡಗೈ ಹಿಡಿದು ಗಡಿಯಾರ ಕಳಚಿದ. ಪಟ್ಟಿಯ ಕೆಳಗೆ, ಮಣಿಕಟ್ಟಿನ ಸುತ್ತ, ಚಿಕ್ಕಂದಿನಲ್ಲಿ ಬಿಗಿದು ಕಟ್ಟಿದ ನೂಲು ಕೊಯ್ದು ಉಳಿದ ಬಿಳಿ ಕಲೆ. ಅದರ ಮೇಲೆಯೇ ಬೇಡಿ ಕೂತಿತು.

ಐವತ್ತು ವರ್ಷದ ಕನಕಪ್ಪನ ಗಂಟಲಿನಿಂದ ಒಂದು ಎಳೆ ದನಿ ಹೊರಟಿತು.

“ಅಪ್ಪಾ, ಬಿಚ್ಚೋ! ಇನ್ನ ಎಡಗೈ ಎತ್ತೂದಿಲ್ಲೋ!”

ಶಿವಪುತ್ರನ ನಕಲು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.