ಹಳೆಯ ಜರಿಯ ಮುಸುಕು

ಮ್ಯೂಸಿಯಂನಿಂದ ಪರೀಕ್ಷೆಗೆ ಬಂದ ದೊನ್ ಅರ್ಸೆನಿಯೊ ಭೂತಗನ್ನಡಿಯನ್ನು ಮುಸುಕಿನ ಮೂಲೆಯ ದಾಳಿಂಬೆ ಹೂವಿನ ಮೇಲೆ ನಿಲ್ಲಿಸಿದರು. ಮುಂದೆ ಸರಿಸಲಿಲ್ಲ. ನಿಯೆವೆಸ್ ಉಸಿರು ಬಿಗಿಹಿಡಿದಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಸ್ಪೇನಿನ ವಯಾದೊಲಿದ್‌ನ ಆ ಕನ್ಯಾಮಠದಲ್ಲಿ ಪೂಜಾಪಾತ್ರೆಗೆ ಹೊದಿಸುವ ಒಂದು ಮುಸುಕಿತ್ತು. ಚಿನ್ನದ ಜರಿಯಲ್ಲಿ ಬರೀ ಸೂಜಿಯಿಂದ ಹೆಣೆದ ಲೇಸು. ನಾಲ್ಕು ನೂರು ವರ್ಷ ಹಳೆಯದೆಂದು ಊರೆಲ್ಲ ನಂಬಿತ್ತು. ಆ ಕಲೆ ಎಂದೋ ಸತ್ತುಹೋಯಿತೆಂದೇ ಎಲ್ಲರ ಎಣಿಕೆ. ಆ ಮುಸುಕನ್ನೇ ನೋಡಿ ನೋಡಿ, ಹತ್ತು ವರ್ಷ ಕಣ್ಣು ಸವೆಸಿ ಅದಕ್ಕೆ ಮರುಜೀವ ಕೊಟ್ಟವಳು ನಿಯೆವೆಸ್. ಈಗ ಅವಳ ಬಳಿ ಹದಿನೆಂಟು ಹೆಂಗಸರು ಕಲಿಯುತ್ತಿದ್ದಾರೆ.

ಮೇಜಿನ ಮೇಲೆ ಹರಡಿದ್ದು ಮಾತ್ರ ಆ ಮುಸುಕಲ್ಲ.

ಕಳೆದ ವರ್ಷ ಅವಳು ಹಳೆಯ ಮುಸುಕನ್ನು ಮಾದರಿಗೆಂದು ಮನೆಗೆ ಒಯ್ದಿದ್ದಳು. ಕೊಡುವಾಗ ಮುದುಕಿ ಸಿಸ್ಟರ್ ಕಸಿಲ್ದಾ ಮೂರು ಸಲ ಹೇಳಿದ್ದರು: "ಇಸ್ತ್ರಿ ಮಾತ್ರ ಮುಟ್ಟಿಸ್ಬೇಡ ಮಗಳೇ." ಒಂದು ಮಡಿಕೆ ಹೋಗಲೆಂದು ನಿಯೆವೆಸ್ ಮುಟ್ಟಿಸಿದಳು. ಜರಿಯೊಳಗಿನ ರೇಷ್ಮೆ ಸುಟ್ಟು ಹೂವುಗಳು ಪುಡಿಯಾದವು. ಬಾಯಿಬಿಡಲು ಧೈರ್ಯ ಬರಲಿಲ್ಲ. ಅಭ್ಯಾಸಕ್ಕೆ ಹಳೆಯ ಜರಿ ಇದೆಯೇ ಎಂದು ಸಿಸ್ಟರನ್ನು ಕೇಳಿದಳು.

ಹರಿದ ಪೂಜಾವಸ್ತ್ರದ ಜರಿಯನ್ನು ಆ ಮಠದಲ್ಲಿ ಶತಮಾನಗಳಿಂದ ಯಾರೂ ಎಸೆದಿಲ್ಲ. ಬಿಚ್ಚಿ, ಸುತ್ತಿ, ಡಬ್ಬಿಯಲ್ಲಿಡುತ್ತಾರೆ. ಸಿಸ್ಟರ್ ಡಬ್ಬಿಯನ್ನೇ ಕೊಟ್ಟರು. ಎಷ್ಟು, ಯಾಕೆ, ಒಂದೂ ಕೇಳಲಿಲ್ಲ. "ಸೂಜಿ ಕೆಳಗಿಂದ ಬರ್ಲಿ. ಇಲ್ದಿದ್ರೆ ಜರಿ ಸಿಪ್ಪೆ ಬಿಡುತ್ತೆ" ಎಂದಷ್ಟೇ ಅಂದರು. ಹನ್ನೊಂದು ತಿಂಗಳು ಕೂತು ನಿಯೆವೆಸ್ ಹೊಸ ಮುಸುಕು ಹೆಣೆದಳು. ಹಳೆಯದೇ ಎಂದು ಹಿಂತಿರುಗಿಸಿದಳು.

ಸಿಕ್ಕಿಬಿದ್ದರೆ ಕಳ್ಳಿಯೆಂಬ ಹೆಸರು. ಆಮೇಲೆ ಅವಳ ಸೂಜಿಯನ್ನು ಯಾರು ನಂಬುತ್ತಾರೆ? ಕಲೆ ಎರಡನೇ ಸಲ ಸಾಯುತ್ತದೆ.

ದೊನ್ ಅರ್ಸೆನಿಯೊ ಒಂದು ಎಳೆಯನ್ನು ಚಿಮಟದಲ್ಲೆತ್ತಿ ಬೆಳಕಿಗೆ ಹಿಡಿದರು. ಮ್ಯೂಸಿಯಂನಲ್ಲಿ ಅವರು ಹೇಳಿದ್ದೇ ಕೊನೆಯ ಮಾತು.

"ಜರಿ ನಾಲ್ಕು ನೂರು ವರ್ಷದ್ದು. ಅಸಲಿ!" ಎಂದರು. "ಬೇಜಾರು ಮಾಡ್ಕೋಬೇಡಿ ನಿಯೆವೆಸ್, ನೀವೂ ಚೆನ್ನಾಗೇ ಹೆಣೀತೀರಿ. ಆದ್ರೆ ಈ ಕೈ ನಿಮಗೆ ಬರಲ್ಲ ಬಿಡಿ."

ಪಕ್ಕದ ಕುರ್ಚಿಯಲ್ಲಿದ್ದ ಸಿಸ್ಟರ್ ಕಸಿಲ್ದಾ ಕೆಮ್ಮಿದರು. ಅಥವಾ ನಕ್ಕರು.

ದೊನ್ ಅರ್ಸೆನಿಯೊ ಅವರ ಕಾರು ಅಂಗಳ ದಾಟುವವರೆಗೂ ನಿಯೆವೆಸ್ ತಡೆದುಕೊಂಡಳು. ಆಮೇಲೆ ಮುದುಕಿಯ ಕಾಲ ಬಳಿ ಕುಸಿದಳು.

"ಅದು ನಾನು ಹೆಣೆದದ್ದು, ಸಿಸ್ಟರ್. ನಿಮ್ಮದನ್ನ ಸುಟ್ಟುಬಿಟ್ಟೆ. ಇಸ್ತ್ರಿ ಮುಟ್ಟಿಸ್ದೆ. ಪಾಪಿ ನಾನು."

"ಗೊತ್ತು. ಡಬ್ಬಿ ಕೇಳಿದ ದಿನವೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

ಸಿಸ್ಟರ್ ಅವಳ ಕೆನ್ನೆ ಒರೆಸಿದರು.

"ನೀನು ಸುಟ್ಟಿದ್ದು ಐವತ್ತೆಂಟನೇ ಇಸವಿಯಲ್ಲಿ ನಾನು ಹೆಣೆದದ್ದು ಕಣೇ, ಅದೇ ಡಬ್ಬಿಯ ಜರಿಯಲ್ಲಿ, ಅದಕ್ಕೂ ಹಿಂದಿನದಕ್ಕೆ ಇಸ್ತ್ರಿ ಮುಟ್ಟಿಸಿದವಳು ನಾನು."