ಖಾಲಿ ಬಿಟ್ಟ ಎರಡು ಸಾಲು

ಮಂಡಿಗಳ ನಡುವೆ ದೊಡ್ಡ ಪಿಟೀಲಿನಂಥ ಚೆಲ್ಲೊ ಇಟ್ಟುಕೊಂಡಿದ್ದ ಅಕ್ಕ ಕಮಾನೆತ್ತಿ ಸುಮ್ಮನೆ ಕೂತಳು. ಪಕ್ಕದಲ್ಲಿ ಭಾವ ಒಬ್ಬರೇ ಪಿಯಾನೊ ನುಡಿಸುತ್ತಿದ್ದರು. ಕಿಟಕಿಯ ಹತ್ತಿರ ನಿಂತಿದ್ದ ತಂಗಿ ಎರಡು ಹೆಜ್ಜೆ ಮುಂದೆ ಬಂದಳು. ಅವರು ನುಡಿಸುತ್ತಿದ್ದ ಕೃತಿ ಬರೆದವಳು ಅವಳೇ. ಚೆಲ್ಲೊ ಪುಟದಲ್ಲಿ ಅಕ್ಕ ನುಡಿಸದೆ ಬಿಟ್ಟ ಆ ಎರಡು ಸಾಲು ಬೇಕೆಂದೇ ಇಟ್ಟ ಮೌನವಲ್ಲ. ಏನೂ ಹೊಳೆಯದೆ, ಆಮೇಲೆ ಬರೆದರಾಯಿತೆಂದು ಖಾಲಿ ಬಿಟ್ಟದ್ದು. ಮರೆತು ಹಾಗೆಯೇ ಕೊಟ್ಟುಬಿಟ್ಟಿದ್ದಳು. ಸಂಗೀತ ಕಛೇರಿ ನಾಳೆ ಸಂಜೆ.

"ನಿಲ್ಲಿಸಿ, ಅಲ್ಲಿ..." ಎಂದು ಅವಳು ಹೇಳುವಷ್ಟರಲ್ಲಿ ಭಾವ ಒಂದು ಸ್ವರವನ್ನು ಗಟ್ಟಿಯಾಗಿ ಒತ್ತಿ ತಟ್ಟನೆ ಬೆರಳೆತ್ತಿದರು. ಪಿಯಾನೊ ನಿಂತಿತು. ಸ್ವರ ನಿಲ್ಲಲಿಲ್ಲ. ಕೋಣೆಯಲ್ಲಿ ತೆಳ್ಳಗೆ ಉಳಿದುಕೊಂಡಿತು.

"ಏನೇ ಅದು ಗುಂಯ್ ಅನ್ನೋದು?" ಭಾವ ಹೆಂಡತಿಯತ್ತ ತಿರುಗಿದರು.

"ನಾನು ಮುಟ್ಟೇ ಇಲ್ಲಾರೀ."

"ಮುಟ್ಟದೆ ಮತ್ತೆ ದೆವ್ವ ಹೊಕ್ಕಿದೆಯಾ?"

ಅಕ್ಕ ತಂತಿಗಳ ಮೇಲೆ ಅಂಗೈ ಇಟ್ಟಳು. ಸದ್ದು ಅಡಗಿತು. ಕೈ ತೆಗೆದಳು. "ಇನ್ನೊಂದ್ಸಲ ಬಾರ್ಸಿ." ಮತ್ತೆ ಗುಂಯ್. ತಂಗಿ ನೆಲಕ್ಕೆ ಮಂಡಿಯೂರಿ ಚೆಲ್ಲೊದ ಹೊಟ್ಟೆಗೆ ಕಿವಿಯಿಟ್ಟಳು.

"ಭಾವ, ಪಕ್ಕದ ಸ್ವರ ಒತ್ತಿ." ಏನೂ ಇಲ್ಲ. "ಈಗ ಮೊದಲಿಂದು." ನಾಲ್ಕು ತಂತಿಗಳಲ್ಲಿ ಒಂದು ಮಾತ್ರ ಕಂಡೂ ಕಾಣದಂತೆ ನಡುಗಿತು.

ಅವಳು ನೆಲದಿಂದಲೇ ತಲೆಯೆತ್ತಿದಳು. "ಅಕ್ಕಾ, ಅಲ್ಲಿ ನಾನೇನೂ ಬರೆದಿಲ್ಲ. ತೋಚಲೇ ಇಲ್ಲ."

"ಅಯ್ಯೋ, ನಾನೆಲ್ಲೋ ಇವಳೂ ದೊಡ್ಡವಳಾದಳು, ಸುಮ್ಮನಿರೋದು ಕಲಿತಳು ಅಂದ್ಕೊಂಡೆ! ಈಗಲಾದ್ರೂ ಬರಿ. ಅಷ್ಟು ಜನರ ಮುಂದೆ ಪೆಚ್ಚುಮೋರೆ ಹಾಕ್ಕೊಂಡು ಕೂರಲ್ಲ ನಾನು."

ತಂಗಿ ಪೆನ್ಸಿಲ್, ರಬ್ಬರ್ ತೆಗೆದುಕೊಂಡಳು. ಅಕ್ಕನ ಪುಟದ ಹತ್ತಿರ ಒಂದು ಗಳಿಗೆ ನಿಂತು, ಅದನ್ನು ದಾಟಿ ಹೋಗಿ ಭಾವನ ಪುಟದಲ್ಲಿ ಅಳಿಸತೊಡಗಿದಳು.

"ಏಯ್, ಅದು ನಂದು!"

"ಗೊತ್ತು ಭಾವ. ನಿಮ್ಮ ಯಾವ್ಯಾವ ಸ್ವರಕ್ಕೆ ಚೆಲ್ಲೊ ತಾನಾಗೇ ಓಗೊಡುತ್ತೋ ನೋಡ್ಬೇಕು."

ದೀಪ ಹಾಕುವ ಹೊತ್ತಿಗೆ ಪಿಯಾನೊದ ಪುಟ ಅಳಿಸಿ ಅಳಿಸಿ ತೂತುಬಿದ್ದಿತ್ತು. ಚೆಲ್ಲೊ ಪುಟದಲ್ಲಿ ಒಂದು ಚುಕ್ಕೆಯೂ ಹೊಸದಾಗಿ ಬಿದ್ದಿರಲಿಲ್ಲ. ಅಕ್ಕ ಕಮಾನು ಪಕ್ಕಕ್ಕಿಟ್ಟು, ಇಪ್ಪತ್ತು ವರ್ಷ ತಾನು ನುಡಿಸಿದ ವಾದ್ಯ ಪಿಯಾನೊಗೆ ತಾನಾಗಿಯೇ ಓಗೊಡುವುದನ್ನು, ಈಗಷ್ಟೇ ಪರಿಚಯವಾದವರ ಮಾತು ಕೇಳುವಂತೆ ತಲೆ ವಾಲಿಸಿ ಕೇಳುತ್ತಿದ್ದಳು.